ಸೆಕೆಂಡಿಗೆ ಇಪ್ಪತ್ತು

ಬಾಯೊಂದು ಸುಮ್ಮನಿದ್ದಿದ್ದರೆ ಆ ವರ್ಷದ ಕಾರಹುಣ್ಣಿಮೆಯೂ ಗೌರೀಶನಿಗೆ ಕಡಬು ತಿಂದು ಮಗ್ಗಲು ಬದಲಿಸುವ ಹಬ್ಬವಾಗಿಯೇ ಕಳೆಯುತ್ತಿತ್ತು. ಆದರೆ ಹೊಸ ಕ್ಯಾಮೆರಾ ಕೊಂಡವನ ಬಾಯಿ ಸುಮ್ಮನಿದ್ದ ಉದಾಹರಣೆ ಬಮ್ಮಿಗಟ್ಟಿಯಲ್ಲಿ ಇಲ್ಲ. ಬೇರೆ ಊರುಗಳಲ್ಲಿಯೂ ಇರಲಿಕ್ಕಿಲ್ಲ.

ಗೌರೀಶ ಊರ ಬಸ್ ಸ್ಟಾಪಿನೆದುರು ಫೋಟೋ ಸ್ಟುಡಿಯೋ ಇಟ್ಟವನು. ರೇಷನ್ ಕಾರ್ಡಿಗೆ, ಬ್ಯಾಂಕಿನ ಪಾಸ್‌ಬುಕ್ಕಿಗೆ, ಗಂಡಿನ ಕಡೆಯವರಿಗೆ ತೋರಿಸುವುದಕ್ಕೆ ಎಂದು ಊರಿನ ಮುಖಗಳೆಲ್ಲ ಅವನ ಸ್ಟೂಲಿನ ಮೇಲೆ ಕೂತು ಎದ್ದುಹೋಗಿವೆ. "ತಲಿ ಎತ್ರಿ, ಬಾಯಿ ಮುಚ್ಚಿ ನಗ್ರಿ" ಎನ್ನುವುದು ಅವನ ಮಂತ್ರ. ಮೂಲೆಯಲ್ಲಿ ಕಲಘಟಗಿಯ ಬಣ್ಣದ ತೊಟ್ಟಿಲೊಂದನ್ನು ಇಟ್ಟಿದ್ದ. ಅದರಲ್ಲಿ ಕೂಸು ಮಲಗಿಸಿ ಫೋಟೋ ತೆಗೆಸಲು ಸುತ್ತಿನ ಹಳ್ಳಿಯವರು ಬರುತ್ತಿದ್ದರು. ಅಲುಗಾಡುವ ಜೀವದ ಫೋಟೋ ತೆಗೆದ ಅನುಭವ ಅವನಿಗೆ ಇದ್ದದ್ದು ಅಷ್ಟೇ. ಅದರಲ್ಲಿಯೂ ಕೂಸು ಕಾಲು ಝಾಡಿಸಿತೆಂದರೆ ಫೋಟೋದಲ್ಲಿ ಕಾಲಿರುವ ಕಡೆ ಹೊಗೆ ಬರುತ್ತಿತ್ತು.

ಇಂಥವನು ಹುಬ್ಬಳ್ಳಿಗೆ ಹೋಗಿ, ಆಟೋಟದ ಫೋಟೋ ತೆಗೆಯುವವರು ಬಳಸುವಂಥ ಕ್ಯಾಮೆರಾವನ್ನು ಸೆಕೆಂಡ್ ಹ್ಯಾಂಡಿನಲ್ಲಿ ತಂದ. ತಂದವನು ಮನೆಗೆ ಹೋಗಬೇಕಲ್ಲವೇ? ಹೋಗಲಿಲ್ಲ. ನೆಟ್ಟಗೆ ಬಾಷಾಸಾಬನ ಚಾದಂಗಡಿಗೆ ಹೋದ.

"ಸೆಕೆಂಡಿಗೆ ಇಪ್ಪತ್ತ ಫೋಟೋ, ಕಾಕಾ. ನೀ ಕಣ್ಣ ಪಿಳಕಿಸೂದ್ರಾಗ ಇಪ್ಪತ್ತ."

ಬಾಷಾಸಾಬ ಚಾ ಸೋಸುವುದನ್ನು ನಿಲ್ಲಿಸಲಿಲ್ಲ. "ಇಪ್ಪತ್ತ ತಗೊಂಡ ಏನ ಮಾಡ್ತಿಯಪಾ? ಒಂದರಾಗ ಛಂದ ಕಾಣದ ಮದಿಮಗ ಇಪ್ಪತ್ತರಾಗ ಹೆಂಗ ಛಂದ ಕಾಣ್ತಾನ?"

"ಮದಿವಿಗಲ್ಲ ಕಾಕಾ. ಆಟಕ್ಕ, ಓಟಕ್ಕ. ಬ್ಯಾಟಿಗೆ ಚೆಂಡ ಬಡಿಯೂದ ನೋಡಿ ನಾವು ಬಟನ್ ಒತ್ತೂದ್ರಾಗ ಚೆಂಡ ಹೊಲಾ ದಾಟಿರ್ತೈತಿ. ಇದನ್ನ ಒತ್ತಿ ಹಿಡದ್ರ ಸಾಕು, ಬಡಿಯೂ ಮೊದಲಿಂದು, ಬಡದದ್ದು, ಬಡದ ಮ್ಯಾಲಿಂದು, ಎಲ್ಲಾ ಹಿಡೀತೈತಿ. ಇದರ ಕಣ್ಣ ತಪ್ಪಿಸಿ ನೊಣಾ ಸೈತ ಹಾರಂಗಿಲ್ಲ."

ಬೆಂಚಿನ ತುದಿಯಲ್ಲಿ ಊರ ಹಿರಿಯ ಬಸಣ್ಣಜ್ಜ ಕೂತಿದ್ದ. ಅವನು ಕಪ್ಪನ್ನು ಕೆಳಗಿಟ್ಟ. ಬಸಣ್ಣಜ್ಜ ಚಾ ಮುಗಿಯುವ ಮೊದಲು ಕಪ್ಪು ಕೆಳಗಿಟ್ಟನೆಂದರೆ ಊರಿನಲ್ಲಿ ಏನೋ ಒಂದು ನಿರ್ಣಯವಾಯಿತೆಂದೇ ಅರ್ಥ.

"ಎತ್ತ ಕಾಣ್ತಾವೇನು?"

"ಯಾವ ಎತ್ತರಿ ಅಜ್ಜಾರ?"

"ಕರಿ ಹರಿಯೂ ಎತ್ತ. ಯಾವುದು ಮೊದಲ ಹರೀತು ಅಂತ ನಿನ್ನ ಡಬ್ಬ್ಯಾಗ ಕಾಣ್ತೈತೇನು?"

ಇಲ್ಲಿ ಸುಮ್ಮನಿರಬೇಕಿತ್ತು. ಗೌರೀಶ ನಕ್ಕ. "ನೊಣಾ ಕಾಣೂವಾಗ ಎತ್ತ ಕಾಣಂಗಿಲ್ಲೇನ್ರಿ?"

ಕಾರಹುಣ್ಣಿಮೆಯ ಸಂಜೆ ಊರೊಳಗೆ ಬರುವ ಅಗಸಿ ಬಾಗಿಲಿಗೆ ಅಡ್ಡವಾಗಿ ಭತ್ತದ ಹುಲ್ಲಿನ ಹುರಿ ಕಟ್ಟಿ, ಅದಕ್ಕೆ ಬೇವಿನ ಸೊಪ್ಪು ಸಿಕ್ಕಿಸುತ್ತಾರೆ. ಅದೇ ಕರಿ. ಎತ್ತುಗಳನ್ನು ಸಿಂಗರಿಸಿ ದೂರದಿಂದ ಓಡಿಸಿಕೊಂಡು ಬರುತ್ತಾರೆ. ಬಿಳಿ ಎತ್ತು ಮೊದಲು ಕರಿ ಹರಿದರೆ ಹಿಂಗಾರಿ ಬೆಳೆ ಚೆನ್ನ, ಕೆಂಪು ಎತ್ತು ಹರಿದರೆ ಮುಂಗಾರಿ ಚೆನ್ನ. ಈಗ ಎಲ್ಲರೂ ಮೊಬೈಲಿನಲ್ಲಿ ಮಳೆ ನೋಡುತ್ತಾರೆ, ಅದು ಬೇರೆ ಮಾತು. ಮೊಬೈಲು ಹೇಳಿದ ಮಳೆ ಬರದಿದ್ದರೆ ಯಾರಿಗೂ ಅವಮಾನವಿಲ್ಲ. ಕರಿಯಲ್ಲಿ ಎತ್ತು ಸೋತರೆ ಮನೆತನವೇ ಸೋತಂತೆ.

ಹಿಂದಿನ ವರ್ಷ ಈರಬಸಪ್ಪನ ಬಿಳಿ ಎತ್ತು, ಹೊಳೆಯಪ್ಪನ ಕೆಂಪು ಎತ್ತು ಕೂಡಿಯೇ ನುಗ್ಗಿದ್ದವು. ನಂದು ಅಂದ ಇವನು, ನಂದು ಅಂದ ಅವನು. ಎರಡೂ ಕಡೆಯವರು ಬೇರೆ ಬೇರೆ ಡೊಳ್ಳು ಕಟ್ಟಿಸಿ ಮೆರವಣಿಗೆ ತೆಗೆದರು. ಎರಡು ಮೆರವಣಿಗೆಗಳು ಓಣಿಯ ಸಂದಿಯಲ್ಲಿ ಎದುರುಬದುರಾಗಿ, ಹಿಂದೆ ಸರಿಯುವವರಿಲ್ಲದೆ, ಕಡೆಗೆ ಎಮ್ಮೆಗಳು ಹಾಲು ಕರೆಯುವ ಹೊತ್ತಾಯಿತೆಂದು ಒದರತೊಡಗಿದ ಮೇಲೆ ಹೆಂಗಸರು ಬಂದು ಜಗಳ ಬಿಡಿಸಿದರು. ಈ ಸಲ ಕ್ಯಾಮೆರಾ ಹೇಳಿದ್ದೇ ಖರೆ ಎಂದು ಬಸಣ್ಣಜ್ಜ ಡಂಗುರ ಸಾರಿಸಿದ.

ಈಗ ಗೌರೀಶನ ಹಣೆಬರಹ ನೋಡಿ. ಈರಬಸಪ್ಪ ಅವನಿಗೆ ಹೆಣ್ಣು ಕೊಟ್ಟ ಮಾವ. ಹೊಳೆಯಪ್ಪ ಸ್ಟುಡಿಯೋದ ಖೋಲಿಯ ಮಾಲಕ. ಹೆಣ್ಣು ಕೊಟ್ಟ ಮಾವ ಅದೇ ಊರಿನವನಾದರೆ ಅಳಿಯನಿಗೆ ವರ್ಷವಿಡೀ ಹಬ್ಬ ಎನ್ನುತ್ತಾರೆ. ಹಾಗೆ ಎನ್ನುವವರ ಮಾವಂದಿರೆಲ್ಲ ದೂರದ ಊರಲ್ಲಿರುತ್ತಾರೆ.

ಡಂಗುರ ಸಾರಿದ ಮರುದಿನವೇ ಈರಬಸಪ್ಪ ಸ್ಟುಡಿಯೋಕ್ಕೆ ಬಂದ. ಸ್ಟೂಲಿನ ಮೇಲೆ ಕೂತ. ಅಭ್ಯಾಸಬಲದಿಂದ ತಲೆ ಎತ್ತಿ, ಬಾಯಿ ಮುಚ್ಚಿಯೇ ಮಾತಾಡಿದ.

"ಅಳಿಯಾರ, ನಾ ಏನೂ ಹೇಳಾಕ ಬಂದಿಲ್ಲ. ಖರೇ ಇದ್ದದ್ದನ್ನ ಹೇಳ್ರಿ. ಆದ್ರ ಪಂಚಮಿ ಬಾಜೂಕ ಬಂತು. ಶೈಲಾ ತವರಮನಿಗೆ ಬರ್ತಾಳ. ಬಂದಾಕಿ ತಿರುಗಿ ಯಾವಾಗ ಹೋಗ್ಬೇಕು ಅನ್ನೂದನ್ನ ಎತ್ತು ನೋಡಿ ನಿಕ್ಕಿ ಮಾಡೂಣು."

ಅವನು ಎದ್ದುಹೋದ ಸ್ಟೂಲು ಆರುವ ಮೊದಲೇ ಹೊಳೆಯಪ್ಪ ಬಂದು ಕೂತ. ಗೋಡೆ ನೋಡಿದ, ಮಾಡು ನೋಡಿದ, ತೊಟ್ಟಿಲನ್ನು ಒಂದು ಸಲ ತೂಗಿದ.

"ಖೋಲಿ ಛಲೋ ಇಟ್ಕೊಂಡಿಯಲೇ ಗೌರ್ಯಾ. ನಮ್ಮ ತಂಗಿ ಮಗಾ ಇಲ್ಲಿ ಝೆರಾಕ್ಸ್ ಅಂಗಡಿ ಹಾಕ್ತೀನಿ ಅಂತ ಕುಂತಾನ. ನಾನ ಬ್ಯಾಡಂದೀನಿ. ಕಾರಹುಣ್ಣಿಮಿ ಆಗ್ಲಿ, ನೋಡೂಣು ಅಂದೀನಿ."

ಬಿಳಿ ಗೆದ್ದರೆ ಅಂಗಡಿ ಇಲ್ಲ, ಕೆಂಪು ಗೆದ್ದರೆ ಹೆಂಡತಿ ಇಲ್ಲ. ಗೌರೀಶನಿಗೆ ಅನ್ನ ಸೇರದಾಯಿತು. ಹೆಂಡತಿಯ ಮುಂದೆ ತೋಡಿಕೊಂಡ.

"ನೀ ಏನಂತಿ, ಶೈಲಾ?"

"ನಾ ಏನ ಅನ್ಲಿ? ಅಪ್ಪನ ಎತ್ತು ಸೋತ್ರ ನಂಗ ತವರಮನ್ಯಾಗ ಕುಂದ್ರೂ ಸಂಕಟಾ. ಅಂಗಡಿ ಹೋದ್ರ ನಿಮ್ಮನ್ನ ದಿನಾ ಮನ್ಯಾಗ ನೋಡೂ ಸಂಕಟಾ. ಮೊದಲ ಆ ಡಬ್ಬಿ ಓಡಿಸಾಕ ಕಲೀರಿ. ಮೊನ್ನಿ ಕೋಳಿ ತೆಗೀತೀನಂತ ಹ್ವಾದ್ರಿ, ಬರೇ ಬೇಲಿ ಬಂದೈತಿ."

ಅದೂ ನಿಜವೇ. ಓಡುವುದರ ಮೇಲೆ ಕೈ ಪಳಗಿಸೋಣವೆಂದು ಗೌರೀಶ ಹುಬ್ಬಳ್ಳಿ ಬಸ್ಸು ಬರುವ ಹೊತ್ತಿಗೆ ರಸ್ತೆ ಬದಿಗೆ ನಿಂತ. ಬಸ್ಸು ಬಂತು, ಕ್ಯಾಮೆರಾ ಮಷಿನ್ ಗನ್ನಿನಂತೆ ಕಟಕಟಿಸಿತು. ಚೆಕಿಂಗಿಗೆ ಯಾರೋ ಸಾಹೇಬರು ಗುಟ್ಟಾಗಿ ಬಂದಿದ್ದಾರೆಂದು ತಿಳಿದ ಕಂಡಕ್ಟರ್ ಬಸ್ಸು ನಿಲ್ಲಿಸಿ, ತೊಡೆಯ ಮೇಲಿದ್ದ ಕೂಸಿಗೂ ಬುಟ್ಟಿಯಲ್ಲಿದ್ದ ಹುಂಜಕ್ಕೂ ಟಿಕೀಟು ಹರಿದುಕೊಟ್ಟು, ಕೆಳಗಿಳಿದು ಗೌರೀಶನಿಗೆ ಕೈ ಮುಗಿದ. ಹುಂಜದ ಒಡತಿ ಅನ್ನವ್ವ ಕಿಡಕಿಯಿಂದ ತಲೆ ಹೊರಹಾಕಿ, ಬಸ್ಸು ಹೊಲದಾಚೆ ಮರೆಯಾಗುವವರೆಗೂ ಗೌರೀಶನ ವಂಶವನ್ನು ಸ್ಮರಿಸಿದಳು.

ಅಷ್ಟಾಗಿ ಫೋಟೋ ನೋಡಿದರೆ, ಎಲ್ಲದರಲ್ಲಿಯೂ ಬಸ್ಸಿನ ಹಿಂಭಾಗ ಮಾತ್ರ. ಗೌರೀಶ ಇದರಿಂದ ಒಂದು ಪಾಠ ಕಲಿತ: ನಾನು ಒತ್ತುವುದು ತಡವಾಗುತ್ತಿದೆ, ಬೇಗ ಒತ್ತಬೇಕು. ಮೊಬೈಲಿನಲ್ಲಿ ವಿಡಿಯೋ ನೋಡಿ ಇನ್ನೊಂದು ಪಾಠ ಕಲಿತ: ಕೈ ನಡುಗಬಾರದು; ಎಡಗೈ ಮುಂದಕ್ಕೆ ಚಾಚಿ ಗಟ್ಟಿಯಾದದ್ದೇನನ್ನಾದರೂ ಹಿಡಿದು, ಆ ತೋಳಿನ ಮೇಲೆ ಕ್ಯಾಮೆರಾ ಇಡಬೇಕು. ಎರಡೂ ಒಳ್ಳೆಯ ಪಾಠಗಳೇ. ಮುಂದೆ ಆದದ್ದಕ್ಕೆ ಪಾಠ ಹೇಳಿದವರನ್ನು ದೂರಬಾರದು.

ಕಾರಹುಣ್ಣಿಮೆ ಬಂತು. ಯುಗಾದಿಗೆ ಅತ್ತೆ ಕಸ್ತೂರೆವ್ವ ಕೊಟ್ಟಿದ್ದ ಕೆಂಪು-ಬಿಳಿ ಚೌಕಡಿಯ ಅಂಗಿ ಹಾಕಿಕೊಂಡು ಗೌರೀಶ ಅಗಸಿಗೆ ಹೋದ. ಅವನನ್ನು ಕಂಡದ್ದೇ ಜನ ದಾರಿ ಬಿಟ್ಟರು. ಇಷ್ಟು ಮರ್ಯಾದೆ ಅವನಿಗೆ ಮದುವೆಯಲ್ಲಿಯೂ ಸಿಕ್ಕಿರಲಿಲ್ಲ. ಕರಿಯ ಹಿಂದೆ, ಅಗಸಿಯ ಕಲ್ಲುಗಂಬದ ಪಕ್ಕ ಅವನಿಗೆ ಜಾಗ ಕೊಟ್ಟರು. ಕೈ ನಡುಗುತ್ತಿತ್ತು. ಹಿಡಿದುಕೊಳ್ಳಲು ಗಟ್ಟಿಯಾದದ್ದೇನಾದರೂ ಬೇಕೆಂದು ಸುತ್ತ ನೋಡಿದ. ಕಂಬ ದಪ್ಪ, ಮುಷ್ಟಿಗೆ ಬರಲಿಲ್ಲ. ಎದುರಿಗೇ ಎದೆಮಟ್ಟಕ್ಕೆ ಬಿಗಿಯಾಗಿ ಕಟ್ಟಿದ ಹುರಿ ಇತ್ತು. ಬಸ್ಸಿನಲ್ಲಿ ನಿಂತವನು ಸರಳು ಹಿಡಿಯುವಂತೆ ಅದನ್ನು ಹಿಡಿದು, ತೋಳಿನ ಮೇಲೆ ಕ್ಯಾಮೆರಾ ಇಟ್ಟ. ಕೈ ನಡುಗುವುದು ನಿಂತಿತು. ಎಲ್ಲರ ಕಣ್ಣೂ ಎತ್ತು ಬಿಡುವ ಕೆರೆಯ ಕಡೆಗಿದ್ದವು, ಯಾರೂ ಅವನನ್ನು ನೋಡಲಿಲ್ಲ.

ಕೆರೆ ಕಡೆಯಿಂದ ಹೋ ಎಂಬ ಕೂಗೆದ್ದಿತು. ಎತ್ತು ಬಿಟ್ಟರು.

ಬೇಗ ಒತ್ತಬೇಕೆಂಬ ಪಾಠವನ್ನು ಗೌರೀಶ ಮರೆತಿರಲಿಲ್ಲ. ಎತ್ತುಗಳು ಇನ್ನೂ ಹುಣಸೆಕಾಯಿಯಷ್ಟು ಕಾಣುವಾಗಲೇ ಒತ್ತಿದ, ಒತ್ತಿ ಹಿಡಿದ. ಕಟಕಟಕಟ ಎಂದು ಫೋಟೋ ಬೀಳತೊಡಗಿದವು. ಎತ್ತು ದೊಡ್ಡವಾದವು. ಕೋಡು ಕಂಡವು. ಬಿಳಿಯದರ ಮೇಲೆ ಹೆಂಡತಿ, ಕೆಂಪಿನ ಮೇಲೆ ಝೆರಾಕ್ಸ್ ಅಂಗಡಿ ಕೂತು ತನ್ನ ಎದೆಯ ಮೇಲೆಯೇ ಬರುತ್ತಿರುವಂತೆ ಅವನಿಗೆ ಕಂಡಿತು. ಗೌರೀಶ ಎರಡೂ ಕಣ್ಣು ಮುಚ್ಚಿ, ಹಿಡಿದದ್ದನ್ನು ಇನ್ನೂ ಗಟ್ಟಿಯಾಗಿ ಹಿಡಿದ.

ಆಗ ಕ್ಯಾಮೆರಾ ನಿಂತಿತು. ಗೊರಸಿನ ಸದ್ದು ಇನ್ನೂ ಬರುತ್ತಿದೆ, ಕಟಕಟ ಇಲ್ಲ. ಕ್ಯಾಮೆರಾಕ್ಕೂ ಒಂದು ಹೊಟ್ಟೆ ಇರುತ್ತದೆ. ಸೆಕೆಂಡಿಗೆ ಇಪ್ಪತ್ತು ತುತ್ತು ತುರುಕಿದರೆ ಸ್ವಲ್ಪ ಹೊತ್ತಿಗೆ ಅದು ತುಂಬುತ್ತದೆ, ತಿಂದದ್ದು ಅರಗುವವರೆಗೆ ಮತ್ತೆ ಬಾಯಿ ತೆರೆಯುವುದಿಲ್ಲ. ಇದನ್ನು ಹುಬ್ಬಳ್ಳಿಯ ಅಂಗಡಿಯವನು ಹೇಳಿರಲಿಲ್ಲ, ಗೌರೀಶ ಕೇಳಿರಲಿಲ್ಲ. ಅವನು ಬಟನ್ ಒತ್ತಿದ, ಕುಟ್ಟಿದ, ಕಡೆಗೆ ಕಂಬದ ಹಿಂದೆ ಹಾರಿದ. ಧೂಳೆಬ್ಬಿಸುತ್ತ ಎತ್ತುಗಳು ಕೂಡಿಯೇ ದಾಟಿಹೋದವು. ಕಣ್ಣು ಬಿಟ್ಟು ನೋಡಿದರೆ ಕರಿ ಎರಡು ತುಂಡಾಗಿ ನೆಲದ ಮೇಲೆ ಬಿದ್ದಿತ್ತು.

"ಬಿಳೇದು" ಎಂದರು ಒಂದು ಕಡೆಯವರು. "ಕೆಂದ" ಎಂದರು ಇನ್ನೊಂದು ಕಡೆಯವರು. ಆಮೇಲೆ ಇಡೀ ಊರು ತಿರುಗಿ ಗೌರೀಶನ ಮುಖ ನೋಡಿತು.

"ಅದು... ದೊಡ್ಡ ಪರದೆ ಮ್ಯಾಲೆ ನೋಡಬೇಕ್ರಿ" ಎಂದ ಗೌರೀಶ. ಊರಲ್ಲಿ ದೊಡ್ಡ ಪರದೆ ಇಲ್ಲವಲ್ಲ, ಹೇಗೋ ನಾಲ್ಕು ದಿನ ತಳ್ಳಬಹುದೆಂದು ಅವನ ಎಣಿಕೆ.

"ಪಂಚಾಯ್ತಿ ಆಫೀಸಿನ ಟೀವಿ ಐತಲ್ಲ, ಗ್ವಾಡಿಯಷ್ಟ" ಎಂದ ಬಸಣ್ಣಜ್ಜ. "ನಡೀರಿ, ಹೋಗೂಣು."

ಡೊಳ್ಳಿನವರು ಸಹಿತ ಎಲ್ಲರೂ ನಡೆದರು. ಎಲ್ಲರಿಗಿಂತ ಮುಂದೆ ಗೌರೀಶ ಬಲಿಯ ಕುರಿಯಂತೆ ನಡೆದ. ಕಡೆಯ ಫೋಟೋ ಇಲ್ಲವೆಂಬುದು ಅವನೊಬ್ಬನಿಗೇ ಗೊತ್ತು. ಪಂಚಾಯ್ತಿ ಆಫೀಸಿನಲ್ಲಿ ಟೀವಿಗೆ ತಂತಿ ಸಿಕ್ಕಿಸುವಾಗ ಕರೆಂಟು ಹೋಗಲೆಂದು ಊರಿನ ದೇವರಿಗೆಲ್ಲ ಹರಕೆ ಹೊತ್ತ. ದಿನಾ ಹೇಳದೆ ಕೇಳದೆ ಹೋಗುವ ಕರೆಂಟು ಅಂದು ಹಬ್ಬಕ್ಕೆ ಬಂದ ಬೀಗರ ಹಾಗೆ ಭದ್ರವಾಗಿ ಕೂತಿತ್ತು.

ಒಂದೊಂದೇ ಫೋಟೋ ಬಂತು. ಒಂದರಲ್ಲಿ ಬಿಳಿ ಎತ್ತು ಮೂಗಿನಷ್ಟು ಮುಂದೆ. ಈರಬಸಪ್ಪನ ಕಡೆಯವರು ಸಿಳ್ಳು ಹೊಡೆದರು. ಮುಂದಿನದರಲ್ಲಿ ಕೆಂಪು ಮುಂದೆ. ಹೊಳೆಯಪ್ಪನ ಕಡೆಯವರು ಡೊಳ್ಳು ಬಾರಿಸಿದರು. ಮತ್ತೆ ಬಿಳಿ, ಮತ್ತೆ ಕೆಂಪು. ಪ್ರತಿ ಫೋಟೋಕ್ಕೂ ಸಿಳ್ಳು, ಪ್ರತಿ ಫೋಟೋಕ್ಕೂ ಡೊಳ್ಳು. ಜನಕ್ಕೆ ಇದು ಓಟಕ್ಕಿಂತ ಚೆನ್ನಾಗಿ ಕಂಡಿತು. ಗೌರೀಶ ಮಾತ್ರ ಪ್ರತಿ ಫೋಟೋವನ್ನೂ ಆದಷ್ಟು ನಿಧಾನಕ್ಕೆ ಸರಿಸುತ್ತಿದ್ದ.

"ಲಗೂ ಲಗೂ ಒತ್ತಲೇ" ಎಂದ ಹೊಳೆಯಪ್ಪ.

ಗೌರೀಶ ಒತ್ತಿದ. ಎತ್ತುಗಳು ಅಗಸಿಯಿಂದ ಸ್ವಲ್ಪ ದೂರದ ಬಾಷಾಸಾಬನ ಚಾದಂಗಡಿಯ ಮುಂದೆ ಬಂದು ಗಾಳಿಯಲ್ಲಿ ನಿಂತವು. ಇನ್ನೊಮ್ಮೆ ಒತ್ತಿದರೆ ಫೋಟೋ ಮುಂದೆ ಹೋಗಲಿಲ್ಲ.

"ಮುಂದ?"

"ಮುಂದ ಇಲ್ರಿ." ಗೌರೀಶ ಕ್ಯಾಮೆರಾದ ಕಡೆ ಕೈ ತೋರಿಸಿದ. "ಇದ ಕಡೀದು. ಡಬ್ಬಿ ತುಂಬಿತ್ರಿ."

ಗದ್ದಲ ಏಳಬೇಕು, ಅಷ್ಟರಲ್ಲಿ ಹಿಂದಿನಿಂದ ಕಸ್ತೂರೆವ್ವ ಎದ್ದುನಿಂತಳು. ಹೊಲದಲ್ಲಿ ಎಳ್ಳಿನಷ್ಟು ಕಸ ಬಿಡದೆ ಕೀಳುವ ಹೆಂಗಸು ಆಕೆ. "ಎಲ್ಲಾರೂ ಎತ್ತ ನೋಡಾಕತ್ತೀರಿ. ಕರಿ ನೋಡ್ರಿ. ಈ ಫೋಟೋದಾಗ ಕರಿ ಎಲ್ಲೈತಿ?"

ನೋಡಿದರು. ಹಿಂದಿನ ಫೋಟೋಗಳಲ್ಲೆಲ್ಲ ಕೆಳಗೆ ಅಡ್ಡವಾಗಿದ್ದ ಬೇವಿನ ಸೊಪ್ಪಿನ ಹುರಿ ಈ ಫೋಟೋದಲ್ಲಿ ಇರಲಿಲ್ಲ.

"ಹರದೈತಿ" ಎಂದ ಬಸಣ್ಣಜ್ಜ ನಿಧಾನಕ್ಕೆ. "ಎತ್ತ ಇನ್ನೂ ಚಾದಂಗಡಿ ಮುಂದ ಅದಾವು, ಕರಿ ಹರದೈತಿ. ಹಂಗಾರ ಹರದಾವ್ರು ಯಾರು?"

"ಆ ಮೂಲ್ಯಾಗ ಒಂದ ಮುಷ್ಟಿ ಐತಿ ನೋಡ್ರಿ" ಎಂದಳು ಕಸ್ತೂರೆವ್ವ. "ಅದರಾಗ ಹುರಿ ತುಂಡ ಐತಿ. ಆ ತೋಳಿನ ಅಂಗಿ ಯಾರದಂತ ನನ್ನ ಕೇಳ್ರಿ. ನಾನ ಆರಿಸಿ ತಂದೀನಿ."

ಊರೆಲ್ಲ ಟೀವಿಯ ಚೌಕಡಿಯನ್ನು ನೋಡಿತು. ಆಮೇಲೆ ಗೌರೀಶನ ಮೈಮೇಲಿನ ಚೌಕಡಿಯನ್ನು ನೋಡಿತು. ಯಾರೂ ನಗಲಿಲ್ಲ. ಕರಿಯನ್ನು ಎತ್ತು ಹರಿಯದ ವರ್ಷ ಬಮ್ಮಿಗಟ್ಟಿಗೆ ಬಂದೇ ಇರಲಿಲ್ಲ. ಮನುಷ್ಯ ಹರಿದರೆ ಮಳೆ ಏನಾಗುತ್ತದೋ, ಬಿತ್ತಿದ್ದು ಏನಾಗುತ್ತದೋ? ಹೆಂಗಸರು ಸೆರಗು ಬಾಯಿಗೆ ಹಿಡಿದರು. ಮತ್ತೊಮ್ಮೆ ಕಟ್ಟಿ ಓಡಿಸೋಣವೆಂದು ಯಾರೋ ಅಂದರು. ಒಮ್ಮೆ ಹರಿದ ಕರಿ ಮತ್ತೆ ಕಟ್ಟಂಗಿಲ್ಲ ಎಂದ ಬಸಣ್ಣಜ್ಜ.

ಅಂಗಡಿ ಹೋಯಿತು, ಹೆಂಡತಿ ಹೋದಳು, ಈಗ ಊರಿನ ಬೆಳೆಯೂ ತನ್ನ ತಲೆಯ ಮೇಲೆ ಬಂತು ಎಂದು ಗೌರೀಶನಿಗೆ ಅನಿಸಿತು. ಅವನ ಕಣ್ಣು ತುಂಬಿದವು. "ಅಜ್ಜಾರ, ನಾ ಬೇಕಂತ ಮಾಡಿಲ್ರಿ. ಎತ್ತ ನೋಡಿ ಅಂಜಿದೆ. ಕಣ್ಣ ಮುಚ್ಚಿ ಜಗ್ಗಿದೆ. ಕೈಯಾಗ ಏನೈತಿ ಅನ್ನೂದ ಗೊತ್ತಾಗ್ಲಿಲ್ರಿ."

ಶೈಲಾ ಜನರ ನಡುವಿನಿಂದ ಬಂದು ಗಂಡನ ಬಾಜು ನಿಂತಳು. ಈರಬಸಪ್ಪ ಅದನ್ನು ನೋಡಿ ಬೇರೆ ಕಡೆ ಮುಖ ತಿರುಗಿಸಿದ.

ಬಾಗಿಲ ಹತ್ತಿರ ಚಾ ಕಿಟಲಿ ಹಿಡಿದು ನಿಂತಿದ್ದ ಬಾಷಾಸಾಬ ಕೆಮ್ಮಿದ. "ಒಂದ ಮಾತ ಕೇಳ್ತೀನ್ರಿ ಅಜ್ಜಾರ. ಹರದದ್ದರ ಬಣ್ಣ ನೋಡಿ ಅಲ್ಲೇನ್ರಿ ನೀವು ಬೆಳಿ ಹೇಳೂದು?"

"ಹೌದು."

"ಹಂಗಾರ ಇದರ ಬಣ್ಣ ನೋಡ್ರಿ. ಕೆಂಪೂ ಐತಿ, ಬಿಳೇದೂ ಐತಿ."

ಬಸಣ್ಣಜ್ಜ ಎದ್ದು ಬಂದ. ಅಂಗಿಯ ತೋಳನ್ನು ಎರಡು ಬೆರಳಲ್ಲಿ ಹಿಡಿದು, ಸಂತೆಯಲ್ಲಿ ಎತ್ತಿನ ಚರ್ಮ ಪರೀಕ್ಷಿಸುವಂತೆ ಪರೀಕ್ಷಿಸಿದ. ಬೆನ್ನು ತಿರುಗಿಸಿ ಅಲ್ಲಿಯೂ ನೋಡಿದ. "ಚೌಕಡಿ ಸರಿಸಮ ಅದಾವು" ಎಂದ. "ಈ ವರ್ಷ ಮುಂಗಾರೀನೂ ಛಲೋ, ಹಿಂಗಾರೀನೂ ಛಲೋ."

ಹೊಳೆಯಪ್ಪ ಗಲ್ಲ ಕೆರೆದುಕೊಂಡ. "ಬಿಳೇದು ಗೆದ್ದಿಲ್ಲ ಅಂದಮ್ಯಾಲೆ ನಂದೇನೂ ತಕರಾರಿಲ್ಲ."

"ಕೆಂದ ಗೆದ್ದಿಲ್ಲ ಅಂದ್ರ ನಂದೂ ಇಲ್ಲ" ಎಂದ ಈರಬಸಪ್ಪ.

ಬಹಳ ದಿನಗಳ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಗೌರೀಶ ಮೆಲ್ಲಗೆ ಟೀವಿಯ ತಂತಿ ಕಿತ್ತು, ಮನೆಯ ದಾರಿ ಹಿಡಿಯಲೆಂದು ಹೊರಟ.

"ಎಲ್ಲಿಗೆ ಹೊಂಟಿ?" ಎಂದ ಬಸಣ್ಣಜ್ಜ. "ಹರದಾಂವ ಹರದಾಂವನ. ಪದ್ಧತಿ ಬಿಡಾಕ ಬರೂದಿಲ್ಲ."

ಬಿಳಿ ಎತ್ತಿನ ಕೊರಳಿನ ಗೆಜ್ಜೆಸರ ಗೌರೀಶನ ಕೊರಳಿಗೆ ಬಂತು. ಕೆಂಪು ಎತ್ತಿಗೆ ಹೊದಿಸಿದ್ದ ಝೂಲು ಅವನ ಬೆನ್ನಿಗೆ ಬಂತು. ಕೋಡಿಗೆ ಕಟ್ಟುವ ಗೊಂಡೆಗಳನ್ನು ಎಲ್ಲಿ ಕಟ್ಟಬೇಕೆಂದು ಸ್ವಲ್ಪ ಚರ್ಚೆಯಾಗಿ, ಕಿವಿಗೆ ಸಿಕ್ಕಿಸಿದರು. ಎರಡು ಡೊಳ್ಳುಗಳು ಕೂಡಿ ಬಾರಿಸಿದ ಒಂದೇ ಮೆರವಣಿಗೆ ಊರ ಓಣಿಯಲ್ಲೆಲ್ಲ ಹೋಯಿತು. ಅನ್ನವ್ವ ತನ್ನ ಮನೆಯ ಮುಂದೆ ಆರತಿ ಎತ್ತಿ, ಹುಂಜದ ಟಿಕೀಟನ್ನು ಅವನ ಹಣೆಯ ಕುಂಕುಮಕ್ಕೆ ಅಂಟಿಸಿದಳು.

ಕಡೆಗೆ ಈರಬಸಪ್ಪ ಬಿದಿರಿನ ಗೊಟ್ಟ ತಂದ. ಓಡಿ ದಣಿದ ಎತ್ತಿಗೆ ಒಳ್ಳೆಣ್ಣೆ, ಅರಿಷಿಣ ಕಲಸಿ ಅದರಿಂದಲೇ ಗಂಟಲಿಗೆ ಹಾಕುತ್ತಾರೆ. ಹೊಳೆಯಪ್ಪ ಹಿಂದಿನಿಂದ ಗದ್ದ ಎತ್ತಿ ಹಿಡಿದ.

"ಮಾವಾರ, ನಾ ಎಲ್ಲೂ ಓಡಿಲ್ರಿ" ಎಂದ ಗೌರೀಶ.

"ಬಾಯಿ ತೆರೀರಿ ಅಳಿಯಾರ" ಎಂದ ಮಾವ.

ಆ ಹೊತ್ತಿಗೆ ಶೈಲಾ ಮೊಬೈಲು ತೆಗೆದು ಒಮ್ಮೆ ಒತ್ತಿದಳು. ಒತ್ತಿ ಹಿಡಿ, ಒತ್ತಿ ಹಿಡಿ ಎಂದು ಗೌರೀಶ ಹೇಳಹೊರಟ. ಬಾಯಲ್ಲಿ ಎಣ್ಣೆ ಇತ್ತು, ಮಾತು ಬುಳುಬುಳು ಎಂದಿತು.

ಫೋಟೋ ಮಾತ್ರ ಚೆನ್ನಾಗಿಯೇ ಬಂದಿತ್ತು. ಹೊಳೆಯಪ್ಪ ತಾನೇ ಚೌಕಟ್ಟು ಹಾಕಿಸಿ, ಸ್ಟುಡಿಯೋದಲ್ಲಿ ಗೌರೀಶ ನಿಲ್ಲುವ ಜಾಗದ ಹಿಂದೆ, ಅವನ ತಲೆಯ ಮೇಲೆ ಸರಿಯಾಗಿ ಬರುವಂತೆ ಮೊಳೆ ಹೊಡೆದ. ಗೌರೀಶ ಬ್ಯಾಡ ಅಂದ. "ಖೋಲಿ ನಿಂದು, ಇಟ್ಕೋ. ಗ್ವಾಡಿ ನಂದು" ಎಂದ ಹೊಳೆಯಪ್ಪ. ಶೈಲಾ ಪಂಚಮಿಗೆ ತವರಿಗೆ ಹೋಗಿ, ಜೋಕಾಲಿ ಆಡಿ, ಉಂಡಿ ಡಬ್ಬಿ ಹೊತ್ತುಕೊಂಡು ಮರಳಿ ಬಂದಳು.

ಆಟೋಟದ ಫೋಟೋ ತೆಗೆಯಲು ಗೌರೀಶ ಮತ್ತೆಂದೂ ಹೋಗಲಿಲ್ಲ. ಹಾಗೆಂದು ಆ ಕ್ಯಾಮೆರಾ ವ್ಯರ್ಥವಾಯಿತೆಂದು ಯಾರೂ ತಿಳಿಯಬಾರದು. ಈಗಲೂ ರೇಷನ್ ಕಾರ್ಡಿನವರು ಬಂದು ಸ್ಟೂಲಿನ ಮೇಲೆ ಕೂತು ತಲೆ ಎತ್ತುತ್ತಾರೆ. ಎತ್ತಿದರೆ ಗೋಡೆಯ ಮೇಲಿನ ಚಿತ್ರ ಕಾಣುತ್ತದೆ. "ಬಾಯಿ ಮುಚ್ಚಿ ನಗ್ರಿ" ಎಂದು ಗೌರೀಶ ಬೇಡಿಕೊಳ್ಳುತ್ತಾನೆ. ಯಾರಿಂದಲೂ ಆಗುವುದಿಲ್ಲ. ಆಗ ಅವನು ಬಟನ್ ಒತ್ತಿ ಹಿಡಿಯುತ್ತಾನೆ. ಸೆಕೆಂಡಿಗೆ ಇಪ್ಪತ್ತರಂತೆ ತೆಗೆದರೆ ಒಂದರಲ್ಲಾದರೂ ಬಾಯಿ ಮುಚ್ಚಿರುತ್ತದೆ.